ಮುಲುಂಡಿಗೆ ಹೊರಟ ಗಾಡಿಯ ಹಿಂದಿನ ಚಕ್ರ

"ಅರೇ ಚಂದ್ರಾಮ! ನೀ ಇಲ್ಲಿದ್ದೀಯೇನೋ?"

ಅಣ್ಣ ಧರ್ಮಣ್ಣನ ಬಾಯಿಂದ ಆ ಹೆಸರು ಬಂದದ್ದೇ ತಡ, ಕಸ್ತೂರಿ ತಟ್ಟನೆ ತಿರುಗಿ ನೋಡಿದಳು.

ಜೋಗೇಶ್ವರಿಯ ಹೈವೇ ಬದಿಯ ಪಂಕ್ಚರ್ ಅಂಗಡಿ. ಎರಡು ವರ್ಷದ ಹಿಂದೆ ಮಲಾಡಿನಲ್ಲಿ ತಾವಿದ್ದ ಚಾಳಿನ ವಠಾರದಿಂದ ಒಂದು ಮಾತೂ ಹೇಳದೆ ಮಾಯವಾದವನು ಇವನೇ! ಅದೂ ಇಂದೇ ಸಿಗಬೇಕೇ? ಮುಲುಂಡಿನ ಸೋದರಮಾವನ ಮನೆಯಲ್ಲಿ ಅವಳ ನಿಶ್ಚಯಕ್ಕೆ ಜನ ಸೇರಿರುವ ಹೊತ್ತಿಗೆ...

"ಹಿಂದಿನ ಗಾಲಿ ಪಂಕ್ಚರ್ ಆಗೇದ, ಲಗೂ ಮಾಡು. ನಾ ಚಾ ಕುಡದು ಬರ್ತೀನಿ," ಎಂದು ಧರ್ಮಣ್ಣ ಮೋಟಾರ್ ಸೈಕಲ್ ನಿಲ್ಲಿಸಿ ಎದುರಿನ ಹೋಟೆಲಿಗೆ ನಡೆದ.

ಚಂದ್ರಾಮ ತಲೆ ಎತ್ತಲಿಲ್ಲ. ಟ್ಯೂಬ್ ಎಳೆದ, ತೂತು ಹುಡುಕಿದ, ಉಜ್ಜಿ ತೇಪೆ ಹಾಕಿದ. ಆಮೇಲೆ ಟಾಯರಿನ ಒಳಗೆ ಬೆರಳಾಡಿಸುತ್ತ ಸುತ್ತಲೂ ತಡವಿದ. ಮುರಿದ ಮೊಳೆಯೊಂದು ಸಿಕ್ಕಿತು, ಬೆರಳೂ ಕೊಯ್ದಿತು.

ಅವಳಿಗೆ ಅಯ್ಯೋ ಅನ್ನಿಸಿತು. ಆದರೆ ಬಾಯಿಗೆ ಬಂದದ್ದೇ ಬೇರೆ.

"ಹೇಳದ ಕೇಳದ ಓಡಿ ಹೋದಾವಗ ಇಷ್ಟು ಕಾಳಜಿ ಎಲ್ಲಿಂದ ಬಂತು?"

"ಓಡಿ ಹೋದ್ನೇನು? ನಮ್ಮ ಹಿರ್ಯಾರು ಊರಾಗ. ಅದಕ್ಕ ಹೆಣ್ಣು ಕೇಳಾಕ ಇಂದ್ರಾಬಾಯಿನ್ನ ನಿಮ್ಮ ಖೋಲಿಗೆ ಕಳಿಸಿದ್ದೆ. 'ಆಕಿ ಒಲ್ಲೆ ಅಂದ್ಲು' ಅಂತ ಬಂದು ಹೇಳಿದ್ಲು. ಆಮ್ಯಾಲೆ ದಿನಾ ನಳದ ಹತ್ರ ನಿನ್ನ ಮಾರಿ ಹೆಂಗ ನೋಡ್ಲಿ?"

ಕಸ್ತೂರಿಗೆ ಈಗ ಎಲ್ಲ ಅರ್ಥವಾಯಿತು. ಪಕ್ಕದ ಖೋಲಿಯ ಇಂದ್ರಾಬಾಯಿ! ಇವತ್ತಿನ ವರ ಅವಳ ಸ್ವಂತ ತಮ್ಮ!

"ನನ್ನ ಯಾರೂ ಕೇಳೇ ಇಲ್ಲ..."

"ಕೇಳಿದ್ರ?"

"ಹೂಂ ಅಂತಿದ್ದೆ!"

ಚಂದ್ರಾಮ ಟಾಯರು ಕೂಡಿಸಿ ಗಾಳಿ ತುಂಬತೊಡಗಿದ. ಮಾಡುವುದಾದರೂ ಏನು? ಕೊಟ್ಟು ತರುವ ಸಂಬಂಧ ಅದು. ಆ ಮನೆಯ ಹೆಣ್ಣು ಹೋದ ತಿಂಗಳಷ್ಟೇ ಅತ್ತಿಗೆಯಾಗಿ ಇವರ ಮನೆ ತುಂಬಿದ್ದಳು. ಈಗ ಇವಳು ಒಲ್ಲೆ ಅಂದರೆ ನಾಳೆಯೇ ಅವಳನ್ನು ಬಂದು ಕರೆದೊಯ್ಯುತ್ತಾರೆ. ಅಣ್ಣನ ಸಂಸಾರ ಮುರಿದು ತನ್ನದು ಕಟ್ಟಿಕೊಳ್ಳುವಷ್ಟು ಕಲ್ಲೆದೆ ಕಸ್ತೂರಿಗಿರಲಿಲ್ಲ.

ಧರ್ಮಣ್ಣ ಬಂದ. "ಇಬ್ರು ಕುಂತು ಹೋಗಬಹುದಲ್ಲೋ? ನಡುದಾರ್ಯಾಗ ಕೈ ಕೊಟ್ಟೀತು!"

ಆಗಲ್ಲ ಅನ್ನು... ಒಂದೇ ಒಂದು ಸಲ ಆಗಲ್ಲ ಅನ್ನು! ಅವಳ ಕಣ್ಣು ಅಂಗಲಾಚಿತು.

ಚಂದ್ರಾಮ ಟಾಯರನ್ನು ಒತ್ತಿ ನೋಡಿದ.

"ಟಾಯರಿನ ಮಗ್ಗಲು ಹರದಿದ್ರ ಬ್ಯಾಡ ಅಂತಿದ್ದೆ, ಧರ್ಮಣ್ಣಾ. ಬರೇ ನಡುವ ಮೊಳಿ ಚುಚ್ಚೇದ. ತ್ಯಾಪಿ ಗಟ್ಟಿ ಅದ. ಆರಾಮ ಹೋಗ್ರಿ."

ಧರ್ಮಣ್ಣ ಗಾಡಿಯನ್ನು ರಸ್ತೆಗಿಳಿಸಿ ಕಿಕ್ ಹೊಡೆಯತೊಡಗಿದ. ಇಂಜಿನ್ನಿನ ಸದ್ದಿನಲ್ಲಿ ಕಸ್ತೂರಿ ಬಿಕ್ಕಿದಳು.

"ಒಂದು ಸುಳ್ಳು ಹೇಳಿದ್ರ ಆಗ್ತಿರಲಿಲ್ಲೇನು? ಇವತ್ತೊಂದು ದಿನ ನಿಲ್ತಿದ್ದೆ..."

"ಹೇಳಿದ್ರ ನಿಮ್ಮಣ್ಣ ಬ್ಯಾರೆ ಅಂಗಡ್ಯಾಗ ಗಾಲಿ ಬಿಚ್ಚಿಸ್ತಿದ್ದ. ಅವರು ಹೆಂಗ ಕೂಡಿಸ್ತಿದ್ರೋ ಏನೋ..." ಅವನು ಕೊಯ್ದ ಬೆರಳಿಗೆ ಬಟ್ಟೆ ಸುತ್ತಿಕೊಂಡ. "ಹಿಂದ ಕೂಡಾಕಿ ನೀನಲ್ಲೇನು, ಕಸ್ತೂರಿ?"