ಹಿಂದಿನ ಟ್ಯಾಂಕು ಅವನದು

ಭಾನುವಾರ ಚರ್ಚ್ ಮುಗಿದ ಮೇಲೆ, ಎರಡು ಹೊಲಗಳ ನಡುವಿನ ಗೇಟಿನ ಹತ್ತಿರ ಪಿಕಪ್ ಕೈ ಬದಲಾಗಬೇಕು. ಅದು ಅಪ್ಪಂದಿರ ಕಾಲದ ಕಟ್ಟಳೆ. ನೆಬ್ರಾಸ್ಕಾದ ಆ ಮರಳುಗುಡ್ಡಗಳಲ್ಲಿ ಎರಡೂ ಮನೆಯವರು ಕೂಡಿ ಕೊಂಡ ಹಳೇ ಗಾಡಿ ಅದು. ಒಂದು ವಾರ ಕೊವಾಂಡಾ ಮನೆಗೆ, ಒಂದು ವಾರ ಲಿಂಡ್‌ಹೋಮ್ ಮನೆಗೆ. ಅದಕ್ಕೆ ಎರಡು ಪೆಟ್ರೋಲ್ ಟ್ಯಾಂಕು, ಸ್ಟೇರಿಂಗ್ ಪಕ್ಕದಲ್ಲೊಂದು ಸ್ವಿಚ್ಚು. ಮುಂದಿನ ಟ್ಯಾಂಕು ಕೊವಾಂಡಾರದು, ಹಿಂದಿನದು ಲಿಂಡ್‌ಹೋಮರದು. ತಮ್ಮ ವಾರ ಬಂದಾಗ ಸ್ವಿಚ್ಚನ್ನು ತಮ್ಮ ಕಡೆ ತಿರುಗಿಸಿಕೊಳ್ಳಬೇಕು. ಇನ್ನೊಬ್ಬರ ಪೆಟ್ರೋಲನ್ನು ಸತ್ತರೂ ಮುಟ್ಟಬಾರದು.

ಅಪ್ಪಂದಿರು ಹೋದರು. ಗಾಡಿಗೆ ಉಳಿದವರು ಮಾರ್ಲಿಸ್ ಕೊವಾಂಡಾ ಮತ್ತು ಹಾರ್ಲನ್ ಲಿಂಡ್‌ಹೋಮ್. ಎಣ್ಣೆ ಸೀಗೆಕಾಯಿ ಅಂದರೆ ಇವರೇ.

ವಸಂತದಿಂದ ಮಾರ್ಲಿಸಳ ಟ್ಯಾಂಕು ನಿಲ್ಲುತ್ತಿರಲಿಲ್ಲ. ತುಂಬಿಸಿ ಪೇಟೆಗೆ ಹೋಗಿ ಬರುವಷ್ಟರಲ್ಲಿ ಮುಳ್ಳು ಕೆಳಗಿಳಿದಿರುತ್ತಿತ್ತು. ಮುಚ್ಚಳಕ್ಕೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಳು. ಆದರೂ ಖಾಲಿ. ಅಷ್ಟರಲ್ಲಿ ಅವಳ ಹೊಲದಲ್ಲಿ ನೀರೆತ್ತುವ ಗಾಳಿಯಂತ್ರದ ಬುಡದಲ್ಲಿ ಹಾರ್ಲನ್‌ನ ಬೂಟಿನ ಗುರುತು ಕಂಡಿತು. ಕದ್ದು ಬಂದು, ಕಳ್ಳಕೀಲಿ ಹಾಕಿ, ಪೈಪಿಟ್ಟು ಹೀರುತ್ತಾನೆ, ಮತ್ತಿನ್ನೇನು! ವರ್ಷಗಟ್ಟಲೆ ಕಿರುಗುಟ್ಟುತ್ತಿದ್ದ ಆ ಗಾಳಿಯಂತ್ರ ಅದೇ ದಿನಗಳಲ್ಲಿ ಸುಮ್ಮನಾಗಿತ್ತು. ಅದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇವತ್ತು ಗಾಡಿ ಮಾರುವ ಮಾತು ಮುಗಿಸಲೇಬೇಕು. ಗಾಡಿ ಹೋದರೆ ಈ ಗೇಟಿಗೆ ಬರಲು ಕಾರಣವೇ ಉಳಿಯುವುದಿಲ್ಲ. ಪೀಡೆ ತೊಲಗಿತು ಎಂದುಕೊಂಡಳು. ಎಂದುಕೊಂಡರೂ ಮೈಮೇಲೆ ಇಸ್ತ್ರಿ ಮಾಡಿದ ನೀಲಿ ಅಂಗಿ. ಅಲ್ಲ, ಜಗಳಕ್ಕೆ ಹೋಗುವವರು ಅಂಗಿಗೆ ಇಸ್ತ್ರಿ ಮಾಡುತ್ತಾರೆಯೇ? ಸೀಟಿನ ಮೇಲೆ ಕೊಲಾಚಿಯ ಪೊಟ್ಟಣ ಬೇರೆ, ಹಣ್ಣಿನ ಹೂರಣದ ಮೆತ್ತನೆಯ ಬನ್ನು. ಗಾಡಿ ಒಪ್ಪಿಸುವ ದಿನ ಅದೊಂದನ್ನು ಅವಳು ಸೀಟಿನ ಮೇಲೇ ಮರೆತುಬಿಡುತ್ತಿದ್ದಳು. ಮರೆವು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಹಾರ್ಲನ್ ಗೇಟಿಗೆ ಒರಗಿ ನಿಂತಿದ್ದ. ಅವಳು ಗಾಡಿ ನಿಲ್ಲಿಸಿದಳು, ಎಂಜಿನ್ ಆರಿಸಲಿಲ್ಲ. ಬಿಸಿಯಿದ್ದಾಗ ಆರಿಸಿದರೆ ಅದು ಮತ್ತೆ ಶುರುವಾಗಲು ಸತಾಯಿಸುತ್ತಿತ್ತು.

"ಏನಯ್ಯಾ ಕಳ್ಳ, ಈ ವಾರ ಎಷ್ಟು ಹೀರಿದೆ?"

"ಬಂದ್ಲಪ್ಪಾ ಮಹಾತಾಯಿ! ಈಗಷ್ಟೇ ಪ್ರಾರ್ಥನೆ ಮಾಡಿ ಬಂದ ಬಾಯಿ ತಾನೇ ಇದು?" ಅವನು ಗಾಡಿಯ ಹಿಂಬದಿಗೆ ಬಂದು ಕೈಯೂರಿದ. "ನನ್ನ ಟ್ಯಾಂಕೇ ತುಂಬಿ ತುಳುಕ್ತಿದೆ. ನಿನ್ನ ಪೆಟ್ರೋಲ್ ಕದ್ದು ಏನ್ ಮೈಗೆ ಹಚ್ಕೊಳ್ಲಾ?"

"ಅದೇ ಮತ್ತೆ! ತುಂಬಿದ್ದು ಎಲ್ಲಿಂದ ಬಂತು ಅಂತ?"

"ಅದನ್ನ ನಿನ್ನ ಬಾಯಿಂದಾನೇ ಕೇಳೋಣ ಅಂತಿದ್ದೆ," ಎಂದು ಅವನು ನಕ್ಕ. ನಗುವಾಗ ಅವನ ಎಡಗಣ್ಣು ಕೊಂಚ ಮುಚ್ಚಿಕೊಳ್ಳುತ್ತದೆ. ಅದನ್ನು ಗಮನಿಸಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಹಲ್ಲು ಕಿರೀಬೇಡ. ಗಾಡಿ ಮಾರ್ತಿದೀನಿ. ಪೇಟೇಲಿ ಒಬ್ಬ ಕಾಯ್ತಿದಾನೆ, ಹೂಂ ಅನ್ನು."

ಅವನ ನಗು ಆರಿತು. "ಮಾರೋದಾ? ಇದನ್ನಾ?"

"ಹೌದು. ಆಮೇಲೆ ನಿನ್ನ ಮುಖ ನೋಡೋ ಕರ್ಮ ಇರಲ್ಲ."

ಅವನು ಕೆಳಗೆ ನೋಡಿದ. ಹಿಂದಿನ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ತೊಟ್ಟಿಕ್ಕಿ ಅವನ ಬೂಟಿನ ಮೇಲೆ ಬೀಳುತ್ತಿತ್ತು.

"ಎಂಜಿನ್ ಆರಿಸು!"

ಆರಿಸಿದಳು. ತೊಟ್ಟಿಕ್ಕುವುದೂ ನಿಂತಿತು. ಅವನು ಕಾಲಿನಿಂದ ಮರಳು ಎಳೆದು ಒದ್ದೆಯ ಮೇಲೆ ಮುಚ್ಚಿದ. ಇವಳು ಇಳಿದು ಬಂದಳು.

"ಸ್ವಿಚ್ಚು ಯಾವ ಕಡೆ ಇದೆ?" ಎಂದ.

"ನನ್ನ ಕಡೆ. ನಿನ್ನ ಹಾಗೆ ಕಟ್ಟಳೆ ಮುರಿಯೋಳಲ್ಲ ನಾನು."

"ಎಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ಎಳ್ಕೊಂಡು, ಮಿಕ್ಕಿದ್ದನ್ನ ಟ್ಯಾಂಕಿಗೆ ವಾಪಸ್ ಕಳಿಸುತ್ತೆ. ನಿನ್ನ ಟ್ಯಾಂಕಿಂದ ಎಳೆದು ನನ್ನ ಟ್ಯಾಂಕಿಗೆ ಕಳಿಸ್ತಿದೆ, ನೋಡು. ಒಳಗಿನ ವಾಲ್ವ್ ಕೆಟ್ಟಿದೆ."

ಮಾರ್ಲಿಸಳ ಮುಖ ಕಾದ ಕಾವಲಿಯಂತಾಯಿತು. ಊರೆಲ್ಲ ಇವನನ್ನು ಕಳ್ಳ ಎಂದು ಸಾರಿಕೊಂಡು ಬಂದಿದ್ದಳಲ್ಲ! ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಆದರೆ ಅವನ ಮುಖ ಬಾಡಿಹೋಗಿತ್ತು.

"ಹಾಗಾದ್ರೆ ನೀನು ತುಂಬಿಸ್ತಿರ್ಲಿಲ್ಲ," ಎಂದ.

"ನಾನ್ಯಾಕೆ ತುಂಬಿಸ್ಲಿ?"

"ನಾನು ಹಂಗೇ ಅಂದ್ಕೊಂಡಿದ್ದೆ. ಬಾಯಲ್ಲಿ ಬೈತಾಳೆ, ಹಿಂದಿಂದ ಸದ್ದಿಲ್ದೆ ನನ್ನ ಟ್ಯಾಂಕು ತುಂಬಿಸಿ ಕೊಡ್ತಾಳೆ ಅಂತ. ಅದಕ್ಕೇ ನಿನ್ನ ಗಾಳಿಯಂತ್ರ ಹತ್ತಿ ಗ್ರೀಸ್ ಹಾಕ್ದೆ, ನಿನ್ನ ಬೇಲಿ ಬಿಗಿದೆ." ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. "ಕೆಟ್ಟ ವಾಲ್ವನ್ನ ಪ್ರೀತಿ ಅಂದ್ಕೊಂಡ ಪೆದ್ದ ನಾನು. ಮಾರ್ಬಿಡು. ನಂದೇನೂ ತಕರಾರಿಲ್ಲ."

ಗೇಟು ದಾಟಿ ಹೊರಟೇಬಿಟ್ಟ. ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದ: "ಆ ಕೊಲಾಚಿನೂ ಮರೆತಿದ್ದೇ ಇರ್ಬೇಕು, ಅಲ್ವಾ?"

ಹೌದು ಅಂದರೆ ಮುಗಿಯಿತು. ಗಾಡಿ ಹೋಗುತ್ತದೆ, ಭಾನುವಾರ ಹೋಗುತ್ತದೆ, ಈ ಮುಚ್ಚಿಕೊಳ್ಳುವ ಎಡಗಣ್ಣೂ ಹೋಗುತ್ತದೆ.

"ಹಾರ್ಲನ್!"

ಕಳ್ಳ ಎನ್ನದೆ ಹೆಸರು ಹಿಡಿದು ಕರೆದಿದ್ದು ಆ ವಸಂತದಿಂದ ಇದೇ ಮೊದಲು. ಅವನು ನಿಂತ.

"ಅದು ಮರೆತಿದ್ದಲ್ಲ."

"ಏನು?"

"ಕಿವಿ ಕೇಳಲ್ವಾ ನಿಂಗೆ? ಮರೆತಿದ್ದಲ್ಲ ಅಂದೆ. ಒಂದು ಸಲಾನೂ ಮರೆತಿದ್ದಲ್ಲ. ಹೋಗಿ ಹೋಗಿ ಒಬ್ಬ ಕಳ್ಳನ ಮೇಲೆ ಮನಸ್ಸಾಯ್ತಲ್ಲ ಅಂತ ನನ್ನ ಮೇಲೇ ನಂಗೆ ಸಿಟ್ಟು. ಅದನ್ನ ನಿನ್ನ ಮೇಲೆ ತೀರಿಸ್ಕೊಂಡೆ. ತಪ್ಪಾಯ್ತು. ಸಾಕಾ?"

ಅವನ ಮುಖ ನೋಡುವ ಧೈರ್ಯವಿರಲಿಲ್ಲ. ಗಾಡಿ ಹತ್ತಿ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದಳು. ಸ್ವಿಚ್ಚನ್ನು ಹಿಂದಿನ ಟ್ಯಾಂಕಿಗೆ ತಿರುಗಿಸಿದಳು. ಎಂಜಿನ್ ಕೆಮ್ಮಿತು, ಸತಾಯಿಸಿತು, ಹಿಡಿದುಕೊಂಡಿತು.

"ಹತ್ತು."

"ಎಲ್ಲಿಗೆ?"

"ಪೇಟೆಗೆ. ಗಾಡಿ ಮಾರಲ್ಲ ಅಂತ ಹೇಳ್ಬೇಕಲ್ಲ."

"ಅದು ನನ್ನ ಟ್ಯಾಂಕು. ಕೇಳ್ದೆ ಮುಟ್ಟಿದೀಯ."

"ಅದರಲ್ಲಿರೋದು ನನ್ನ ಪೆಟ್ರೋಲು. ಬಾಯ್ಮುಚ್ಕೊಂಡು ಹತ್ತು."

ಹತ್ತಿದ. ಬಾಗಿಲು ಎಳೆದುಕೊಂಡು, ಅವಳ ಕಡೆ ತಿರುಗಿ ಕುಳಿತ. ಎಡಗಣ್ಣು ಮತ್ತೆ ಮುಚ್ಚಿಕೊಂಡಿತು.

"ಈ ವಾರದ ಕೊಲಾಚಿ ಎಲ್ಲಿ?"

"ಅದರ ಮೇಲೇ ಕೂತಿದೀಯಲ್ಲೋ ಪೆದ್ದ!"