ತಿರುವಿನಲ್ಲಿ ಕೂಗಿದ ಎಂಜಿನ್ನು

ದೋಣಿ ಸಿಕ್ಕಿತ್ತು. ದೋಣಿಯ ಯಜಮಾನ ಸಿಕ್ಕಿರಲಿಲ್ಲ.

ಕರೆಂಟು ತಯಾರಾಗುವ ಬ್ಲಫ್ ಊರಿನ ಮೇಲ್ಗಡೆ, ಹೊಳೆ ಧುಮುಕುವ ಜಾಗಕ್ಕೆ ಕೂಗಳತೆ ದೂರದಲ್ಲಿ, ಎರಡು ಬಂಡೆಗಳ ನಡುವೆ ಆ ಮೋಟಾರು ದೋಣಿ ಸಿಕ್ಕಿಹಾಕಿಕೊಂಡು ಗಡಗಡ ನಡುಗುತ್ತಿತ್ತು. ದಡದಲ್ಲಿ ನಿಂತ ನಾನೂ ನಡುಗುತ್ತಿದ್ದೆ. ಮಳವಳ್ಳಿ ಠಾಣೆಯ ದಫೇದಾರ ನಾನು, ಕಳ್ಳರಿಗೆ ಹೆದರಿದವನಲ್ಲ. ನೀರು ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ಈಜು ಬಾರದವನಿಗೆ ಹೊಳೆ ಸೇರಿದ ಸರಹದ್ದಿನ ಠಾಣೆ ಕೊಟ್ಟ ಸರ್ಕಾರಕ್ಕೆ ಏನು ಹೇಳೋಣ.

ಮಧ್ಯಾಹ್ನ ಜಲಪಾತದ ಕೆಳಗೆ ಕರಿಯಪ್ಪನವರ ಹೆಣ ಸಿಕ್ಕಿತು. ಮಳವಳ್ಳಿ ಕಡೆಯ ದೊಡ್ಡ ಜಮೀನುದಾರರು. ಬ್ಲಫಿನಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ಊರು ಬಿಡುವಾಗ ಕೊಟ್ಟುಹೋದ ದೋಣಿಯನ್ನು ಶೋಕಿಗೆಂದು ಇಟ್ಟುಕೊಂಡಿದ್ದರು. ಪ್ರತಿ ಭಾನುವಾರ ಸಂಜೆ ಹೊಳೆಯಲ್ಲಿ ಒಬ್ಬರೇ ಒಂದು ಸುತ್ತು. ಹಿಂದಿನ ಸಂಜೆಯೂ ಹಾಗೇ ಹೋದವರು. ಯುದ್ಧ ಬಂದು ಪೆಟ್ರೋಲು ರೇಷನ್ ಕೂಪನ್ನಿಗೆ ಮಾತ್ರ ಸಿಗುವಂತಾದರೂ ಶೋಕಿ ಬಿಟ್ಟಿರಲಿಲ್ಲ. ಮೆಕ್ಯಾನಿಕ್ ದಸ್ತಗೀರ್, ಪೆಟ್ರೋಲಿನಲ್ಲಿ ಎಂಜಿನ್ನು ಶುರುಮಾಡಿ ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಹಾಗೆ ಮಾಡಿಕೊಟ್ಟಿದ್ದ. ಅಂದಿನಿಂದ ಎಂಜಿನ್ನು ಟಣ್ ಟಣ್ ಎಂದು ಬಡಿದುಕೊಳ್ಳುತ್ತಿತ್ತು. ಆ ಸದ್ದು ಹೊಳೆಯ ದಡದವರಿಗೆಲ್ಲ ಗೊತ್ತಿತ್ತು.

"ಆ ಸದ್ದೇ ನಮ್ ಭಾವನ್ನ ತಿಂದಿದ್ದು" ಎಂದ ಚಿಕ್ಕಣ್ಣ. ಕರಿಯಪ್ಪನವರ ಹೆಂಡತಿ ಮಂಗಳಮ್ಮನವರ ತಮ್ಮ ಅವನು. ಅಕ್ಕನ ಮನೆಯಲ್ಲೇ ಇದ್ದು ಗಾಡಿ, ಬೇಸಾಯ ನೋಡಿಕೊಳ್ಳುತ್ತಿದ್ದ. "ಸೀಮೆಣ್ಣೆ ಉಯ್ದು ಇಂಜಿನ್ ಕೆಡಿಸ್ದ. ನಡುನೀರಲ್ಲಿ ನಿಂತೋಯ್ತು. ಆ ದಸ್ತಗೀರನೇ ಕೊಂದಿದ್ದು."

ಜನ ಸೇರಿದ್ದರು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು. ದಸ್ತಗೀರನನ್ನು ನಾವು ಲಾಕಪ್ಪಿಗೆ ಹಾಕಿದ್ದು ಮುಖ್ಯವಾಗಿ ಅವನ ಜೀವ ಉಳಿಸುವುದಕ್ಕೆ. ಅವನ ಹೆಂಡತಿ ಅಖ್ತರ್ ಬೇಗಂ ಠಾಣೆಯ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ.

"ದಫೇದಾರ್ ಸಾಹೇಬ್ರೇ, ನಮ್ಮನೆಯವರಿಗೆ ನೇಣಾಗ್ತದಾ?"

ಒಂದು ಲೋಟ ನೀರು ತಂದು ಅವಳ ಮುಂದಿಟ್ಟೆ. ಆಗಬಹುದು ಅಂತಲೇ ನನಗೂ ಅನ್ನಿಸಿತ್ತು.

* * *

ನಮ್ಮ ಸಬ್‌ಇನ್ಸ್‌ಪೆಕ್ಟರ್ ನಾಗಯ್ಯನವರಿಗೆ ಮಾತು ಕಡಿಮೆ, ಸಿಟ್ಟು ಜಾಸ್ತಿ. ಮೊದಲು ಅಂಬಿಗ ಕೆಂಪಸಿದ್ದಯ್ಯನನ್ನು ಕರೆಸಿದರು. ಮೋಟಾರು ದೋಣಿ ಅವನ ಬಲೆ ಹರಿದಿತ್ತು, ಕರಿಯಪ್ಪನವರ ಜೊತೆ ಜಗಳವಾಗಿತ್ತು. ನನ್ನ ಗುಮಾನಿಯೂ ಈಗ ಅವನ ಮೇಲೆ ತಿರುಗಿತು.

"ಬಲೆ ಅರ್ದಿದ್ದು ದಿಟ ಬುದ್ಧಿ. ನಾನು ಬೈದಿದ್ದೂ ದಿಟ. ಅದ್ಕೆ ಕೊಲ್ಲಾಕ್ ಓಯ್ತೀನಾ?"

"ದೋಣಿ ಹೋಗೋದು ನೋಡಿದೆಯಾ?"

"ನೋಡ್ಲಿಲ್ಲ, ಜೊಂಡು ಅಡ್ಡ. ಕೇಳಿಸ್ಕಂಡೆ."

"ಏನು ಕೇಳಿಸ್ತು? ಮೊದಲಿಂದ ಹೇಳು."

"ಟಣ್ ಟಣ್ ಅಂತ ಮೆತ್ಗೆ ಓಯ್ತಾ ಇತ್ತು, ಯಾವಾಗ್ಲೂ ಓಗಂಗೆ. ನೀರೇ ಎಳ್ಕಂಡ್ ಓಯ್ತದಲ್ಲ, ಜೋರು ಬೇಕಾಗಿಲ್ಲ. ದೊಡ್ ಬಂಡೆ ತಾವ ವಾಪಸ್ ತಿರುಗಿಸ್ತಾರೆ. ತಿರುಗಿಸ್ದೇಟ್ಗೆ ಕೂಗ್ಕತ್ತು ಬುದ್ಧಿ."

"ಯಾರು?"

"ಇಂಜಿನ್ನು. ಅಂದಿ ಕುಯ್ದಂಗೆ ಕೂಗ್ತು. ಕೂಗ್ತಾ ಕೂಗ್ತಾ ಕೆಳಕ್ಕೆ ಓಯ್ತು. ಆಮ್ಯಾಕೆ ದಡಾರ್ ಅಂತು, ನಿಂತೋಯ್ತು."

ಅಂಬಿಗ ಹೋದ ಮೇಲೆ ನಾಗಯ್ಯನವರು ನನ್ನ ಕಡೆ ತಿರುಗಿದರು.

"ಕೆಟ್ಟು ನಿಂತ ಎಂಜಿನ್ನು ಕೂಗ್ತದೇನ್ರೀ?"

"ಇಲ್ಲ ಸ್ವಾಮಿ."

"ನಿಡಘಟ್ಟದ ಹತ್ತಿರ ನನ್ನ ಮೋಟಾರ್ ಸೈಕಲ್ಲಿಗೆ ಏನಾಯ್ತು?"

ಮರೆಯುವ ಹಾಗಿರಲಿಲ್ಲ. ಚೈನು ಕಳಚಿಹೋಗಿ ಎಂಜಿನ್ನು ಕಿರುಚಿತ್ತು, ಚಕ್ರ ಮಾತ್ರ ಮುಂದಕ್ಕೆ ಹೋಗಲಿಲ್ಲ. ಮದ್ದೂರಿನ ತನಕ ತಳ್ಳಿದ್ದು ಯಾರು ಅಂತ ಬೇರೆ ಹೇಳಬೇಕಿಲ್ಲ.

"ಹೊರೆ ತಪ್ಪಿದ ಎಂಜಿನ್ನು ಹಾಗೆ ಕೂಗ್ತದೆ. ಕರಿಯಪ್ಪನ ಎಂಜಿನ್ನು ಚೆನ್ನಾಗೇ ಇತ್ತು. ನೀರು ತಳ್ಳೋ ಪಂಖ ಮಾತ್ರ ತಿರುಗ್ತಿರಲಿಲ್ಲ."

ಎಂಜಿನ್ನು ಅಷ್ಟು ಕೂಗುತ್ತಿದ್ದರೂ ದೋಣಿ ಮಾತು ಕೇಳದೆ ಕೆಳಕ್ಕೆ ಜಾರಿ, ಬಂಡೆಗೆ ಬಡಿದು ನೀರಿಗೆ ಎಸೆದಾಗ ಆ ಮನುಷ್ಯನಿಗೆ ಹೇಗಾಗಿರಬೇಕು. ಆ ಯೋಚನೆಯಲ್ಲಿ ಊಟ ಸೇರಲಿಲ್ಲ.

* * *

ಮಾರನೆಯ ಬೆಳಿಗ್ಗೆ ಹಗ್ಗ ಕಟ್ಟಿ ದೋಣಿಯನ್ನು ದಡಕ್ಕೆ ಎಳೆಸಿದೆವು. ದಸ್ತಗೀರನನ್ನು ಕರೆತಂದೆವು. ಜನರನ್ನೆಲ್ಲ ನಾಗಯ್ಯನವರು ದೂರ ಅಟ್ಟಿದರು.

"ಪಂಖಾನ ಎಂಜಿನ್ ತಿರುಗಿಸೋ ದಂಡಕ್ಕೆ ಕಚ್ಚಿಸಿರೋದು ಒಂದೇ ಮೊಳೆ ಸ್ವಾಮಿ" ಎಂದ ದಸ್ತಗೀರ್. "ಹಿತ್ತಾಳೆದು. ಪಂಖ ಬಂಡೆಗೆ ತಗುಲಿದ್ರೆ ಮೊಳೆ ಮುರೀತದೆ, ಪಂಖ ಉಳೀತದೆ. ಮೊನ್ನೆ ತಾನೇ ಹೊಸದು ಹಾಕಿದೀನಿ."

ತೂತಿನಲ್ಲಿ ಹಿತ್ತಾಳೆ ಇರಲಿಲ್ಲ. ಮುರಿದ ಮರದ ಗೂಟದ ಚೂರಿತ್ತು. ದಸ್ತಗೀರ್ ಎರಡು ಹೆಜ್ಜೆ ಹಿಂದೆ ಸರಿದ.

"ಇದು ನಾನ್ ಹಾಕಿದ್ದಲ್ಲ ಸ್ವಾಮಿ. ನನ್ ಮಕ್ಕಳಾಣೆ."

"ಯುದ್ಧಕಾಲ, ಹಿತ್ತಾಳೆ ಸಿಗದೆ ನೀನೇ ಮರ ತುರುಕಿದೆ ಅಂತಾರೆ ಕೋರ್ಟಿನಲ್ಲಿ" ಎಂದರು ನಾಗಯ್ಯನವರು.

ನಾಗಯ್ಯನವರು ಒಂದು ಕಬ್ಬಿಣದ ಮೊಳೆಯಿಂದ ಮೀಟಿ ಆ ಚೂರನ್ನು ಹೊರಗೆಳೆದರು. ಬೆರಳಿಗೆ ಕಪ್ಪಗೆ ಜಿಗುಟು ಹತ್ತಿತು. ಮೂಸಿ ನೋಡಿ, ಬೆರಳನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಕೀಲೆಣ್ಣೆ ಸ್ವಾಮಿ" ಎಂದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಚಕ್ರಕ್ಕೆ ಹಚ್ಚುವ ಎಣ್ಣೆ. ಗಾಡಿ ಇರುವ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಹೇಳಿಕೊಡಬೇಕಿಲ್ಲ.

"ನೀನು ಏನು ಹಚ್ಚೋದು ದಸ್ತಗೀರ್?"

"ಡಬ್ಬಿ ಗ್ರೀಸು ಸ್ವಾಮಿ. ಕೀಲೆಣ್ಣೆ ನಾನ್ಯಾಕೆ ಮುಟ್ಲಿ?"

ನಾಗಯ್ಯನವರು ಅವನ ಕಿವಿಯಲ್ಲಿ ಏನೋ ಕೇಳಿದರು. ಅವನು ಅಷ್ಟೇ ಮೆಲ್ಲಗೆ ಏನೋ ಹೇಳಿದ. ನನಗೆ ಹೇಳುವ ಮರ್ಯಾದೆ ಯಾರೂ ತೋರಿಸಲಿಲ್ಲ.

* * *

ಸಂಜೆ ಮಹಜರು. ಅದೂ ನೀರಿನ ಮೇಲೆ, ದಸ್ತಗೀರ್ ಸರಿಮಾಡಿದ ಅದೇ ದೋಣಿಯಲ್ಲಿ. ಪಂಚರಾಗಿ ಚಿಕ್ಕಣ್ಣ, ಕೆಂಪಸಿದ್ದಯ್ಯ. ಚುಕ್ಕಾಣಿಗೆ ದಸ್ತಗೀರ್. ದಡದಲ್ಲಿ ಮಂಗಳಮ್ಮನವರು, ಸ್ವಲ್ಪ ದೂರದಲ್ಲಿ ಅಖ್ತರ್ ಬೇಗಂ. ನಾನು ದೋಣಿಯ ಅಂಚನ್ನು ಎರಡು ಕೈಯಲ್ಲೂ ಹಿಡಿದು ಕೂತೆ.

ಎಲ್ಲರೂ ಕೂತ ಮೇಲೆ ನಾಗಯ್ಯನವರು ಜೇಬಿನಿಂದ ಒಂದು ಮರದ ಗೂಟ ತೆಗೆದರು.

"ಪಂಖದ ಗೂಟ ಮುರಿದಿತ್ತು. ನಮ್ಮ ಬಡಗಿ ಅಂಥದ್ದೇ ಇನ್ನೊಂದು ಕೆತ್ತಿಕೊಟ್ಟ. ಹಾಕಪ್ಪ ದಸ್ತಗೀರ್."

ದಸ್ತಗೀರ್ ಮೊಣಕಾಲುದ್ದ ನೀರಲ್ಲಿ ನಿಂತು, ಹಿಂದೆ ಬಗ್ಗಿ ಹಾಕಿ ಬಂದ. ಎಂಜಿನ್ನು ಶುರುವಾಯಿತು. ಟಣ್ ಟಣ್ ಟಣ್.

ನೀರು ಎಳೆದುಕೊಂಡು ಹೊರಟಿತು. ಮುಂದೆ ಹೊಳೆ ಒಂದು ಗೆರೆ ಎಳೆದಂತೆ ಮುಗಿದುಹೋಗಿತ್ತು. ಆಚೆ ಬರೀ ಹೊಗೆಯಂಥ ಹನಿ. ಮೊರೆತ ಮೊದಲು ಕಿವಿಗೆ ಬಿತ್ತು, ಆಮೇಲೆ ಎದೆಗೆ. ನನಗೆ ಹೆಂಡತಿ ಮಕ್ಕಳ ಮುಖ ನೆನಪಿಗೆ ಬಂತು. ಕೆಂಪಸಿದ್ದಯ್ಯ ಎಲೆಅಡಿಕೆ ಜಗಿಯುತ್ತಿದ್ದ. ಚಿಕ್ಕಣ್ಣನ ಅಂಗಿ ಬೆವರಿನಲ್ಲಿ ಬೆನ್ನಿಗಂಟಿತ್ತು.

"ಸಾಕು ಬುಡಿ ಸ್ವಾಮಿ, ದಡಕ್ಕೆ ತಗಳಿ" ಎಂದ.

"ಇನ್ನೂ ಸ್ವಲ್ಪ."

"ಮೆತ್ಗೆ ದಡಕ್ಕೆ ತಗಳಿ ಸ್ವಾಮಿ, ನಿಮ್ ಕಾಲಿಗ್ ಬೀಳ್ತೀನಿ."

ದೊಡ್ಡ ಬಂಡೆ ಬಂತು. ಹನಿ ಮುಖಕ್ಕೆ ಹೊಡೆಯಿತು.

"ದಸ್ತಗೀರ್, ತಿರುಗಿಸು. ಪೂರಾ ಜೋರು ಕೊಡು."

ಚಿಕ್ಕಣ್ಣ ಹಾರಿ ದಸ್ತಗೀರನ ಕೈ ಹಿಡಿದ. "ಜೋರ್ ಕೊಡಬ್ಯಾಡ ಕಣ್ಲಾ. ಇಲ್ಲೀಗಂಟ ಏನೂ ಆಗಕಿಲ್ಲ ಆ ಗೂಟಕ್ಕೆ, ತಿರುಗಿಸ್ದೇಟ್ಗೇ ಮುರೀತದೆ. ಎಲ್ರೂ ಸಾಯ್ತೀವಿ ಕಣ್ಲಾ."

ದೋಣಿ ವಾಲಿತು. ನಾನು ಅವನ ಸೊಂಟ ತಬ್ಬಿ ಕೆಡವಿದೆ, ಧೈರ್ಯದಿಂದಲ್ಲ, ಹಿಡಿದುಕೊಳ್ಳಲು ಏನಾದರೂ ಬೇಕಿತ್ತು. ಎಂಜಿನ್ನು ಅಬ್ಬರಿಸಿತು. ಕಣ್ಣು ಮುಚ್ಚಿ ಆ ಕೂಗಿಗೆ ಕಾದೆ. ಕೂಗು ಬರಲಿಲ್ಲ. ದೋಣಿ ನಿಧಾನವಾಗಿ ತಿರುಗಿ, ನೀರಿಗೆ ಎದುರಾಗಿ ಮೇಲಕ್ಕೆ ಹತ್ತತೊಡಗಿತು.

ದಸ್ತಗೀರ್ ತನ್ನ ಜೇಬಿನಿಂದ ಮರದ ಗೂಟ ತೆಗೆದು ನಾಗಯ್ಯನವರಿಗೆ ಕೊಟ್ಟ. ಪಂಖದಲ್ಲಿದ್ದದ್ದು ಹೊಸ ಹಿತ್ತಾಳೆ ಮೊಳೆ. ನನಗೊಂದು ಮಾತು ಮೊದಲೇ ಹೇಳಬಹುದಿತ್ತು. ಆ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ.

* * *

"ಮರದ ಗೂಟ ಮುರೀತದೆ ಅಂತ ಯಾರಾದರೂ ಹೇಳಬಹುದು" ಎಂದರು ನಾಗಯ್ಯನವರು, ದಡದಲ್ಲಿ. "ಹೋಗುವಾಗ ಮುರಿಯಲ್ಲ, ತಿರುಗಿಸಿದಾಗಲೇ ಮುರೀತದೆ ಅನ್ನೋದು ನಿನಗೆ ಹೇಗೆ ಗೊತ್ತು ಚಿಕ್ಕಣ್ಣ? ಅದನ್ನ ಕೇಳಿಸಿಕೊಂಡವನು ಕೆಂಪಸಿದ್ದಯ್ಯ ಒಬ್ಬ. ನೀನು ಎಂಜಿನ್ನು ಕೆಟ್ಟು ನಿಂತುಹೋಯ್ತು ಅಂತ ಊರೆಲ್ಲ ಸಾರಿಕೊಂಡು ಬಂದೆ."

ಮುರಿದ ಗೂಟದ ಚೂರನ್ನು ಅವನ ಮುಂದೆ ಹಿಡಿದರು.

"ದಸ್ತಗೀರ್ ಹಿತ್ತಾಳೆ ಮೊಳೆ ಹಾಕುವಾಗ ಸ್ಪ್ಯಾನರು ಹಿಡಿದುಕೊಂಡಿದ್ದವನು ನೀನು. ಇದು ಮುರಿದರೆ ಏನಾಗ್ತದೆ ಅಂತ ಕೇಳಿದ್ದೂ ನೀನೇ ಅಂತ ಅವನೇ ಬೆಳಿಗ್ಗೆ ನನ್ನ ಕಿವಿಯಲ್ಲಿ ಹೇಳಿದ. ಬರೀ ಮರ ಇಟ್ಟಿದ್ದರೆ ಈ ಬಡಪಾಯಿ ನೇಣಿಗೆ ಹೋಗ್ತಿದ್ದ. ಆದರೆ ಗಾಡಿ ಕಟ್ಟುವ ಕೈ ನಿನ್ನದು. ಚಕ್ರ ಕಳಚದ ಹಾಗೆ ತಡೆಯುವ ಕಡಾಣಿಯನ್ನು ಕೀಲೆಣ್ಣೆ ಸವರದೆ ಹಾಕಿ ಅಭ್ಯಾಸವಿಲ್ಲ. ಗಾಡಿಯ ಕಡಾಣಿಗೆ ಹಚ್ಚುವ ಹಾಗೆ ಇದಕ್ಕೂ ಹಚ್ಚಿಬಿಟ್ಟೆ."

ಚಿಕ್ಕಣ್ಣ ಅಕ್ಕನ ಕಡೆ ತಿರುಗಿದ.

"ಮಕ್ಳಿಲ್ಲ ಅಂತ ಭಾವ ಇನ್ನೊಬ್ಳ ತರಾಕ್ ಒಂಟಿದ್ದ. ನೀನು ಬೀದೀಗ್ ಬೀಳ್ತಿದ್ದೆ. ನಿಂಗೋಸ್ಕರನೇ ಮಾಡಿದ್ದು ಕಣಕ್ಕ."

ಮಂಗಳಮ್ಮನವರು ಒಂದು ಹೆಜ್ಜೆ ಮುಂದೆ ಬಂದರು.

"ಯಲಿಯೂರಿನ ಎಣ್ಣು. ಓಗಿ ನೋಡ್ಕಂಡ್ ಬಂದೋಳು ನಾನೇ ಕಣ್ಲಾ. ಬ್ಯಾಡ ಬ್ಯಾಡ ಅಂತಿದ್ದೋರ್ನ ಒಪ್ಸಿದ್ದೂ ನಾನೇ. ನಮ್ಮನೇಲೂ ಒಂದು ಮಗ ಆಡ್ಲಿ ಅಂತ." ಸ್ವರ ಏರಲಿಲ್ಲ. "ನನ್ನ ಒಂದು ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?"

ದಸ್ತಗೀರನಿಗೆಂದು ತಂದಿದ್ದ ಕೈಕೋಳವನ್ನು ಚಿಕ್ಕಣ್ಣನಿಗೆ ಹಾಕಿದೆ. ಅಖ್ತರ್ ಬೇಗಂ ಓಡಿಬಂದು ಗಂಡನ ತೋಳು ಹಿಡಿದುಕೊಂಡಳು. ಅಳುತ್ತಿದ್ದಳು, ಬಿಡಲೊಲ್ಲಳು. ಮಂಗಳಮ್ಮನವರು ಅವಳ ಹತ್ತಿರ ಹೋಗಿ ನಿಂತರು.

"ಕರ್ಕಂಡೋಗಮ್ಮ" ಎಂದರು. "ನಿನ್ನೋನಾದ್ರೂ ಮನೇಗ್ ಬಂದ."

ಆಮೇಲೆ ಅಲ್ಲೇ ಮರಳಿನ ಮೇಲೆ ಕೂತುಬಿಟ್ಟರು. ಎಬ್ಬಿಸಿ ಮನೆಗೆ ಕರೆದುಕೊಂಡು ಹೋಗಲು ಅವರಿಗೆ ತಮ್ಮವರೆನ್ನುವವರು ಯಾರೂ ಉಳಿದಿರಲಿಲ್ಲ.