ಗಾಳಿಯ ಮೇಲೆ ಹೊರಿಸಿದ ಹೆಣ

ಸೊರಟೂರಿನ ಹುಡುಗಿ ಕಳಕೇಶನನ್ನು ಒಲ್ಲೆ ಎಂದದ್ದು ಅವನ ಬಣ್ಣಕ್ಕಲ್ಲ, ಅವನ ಅಳುವಿಗೆ. ಹೋದ ವರ್ಷ ಮೊದಲ ಸಲ ಮೀನಿನ ದೋಣಿ ಹತ್ತಿದ ದಿನ, ಅಲೆಗೆ ಹೆದರಿ ಅವನು ಕಂಬ ತಬ್ಬಿಕೊಂಡು ಅವ್ವನನ್ನು ಕರೆದಿದ್ದ. ಹಮ್ಮಿಗಿಯಿಂದ ಜೊತೆಗೇ ಬಂದರಿಗೆ ದುಡಿಯಲು ಬಂದಿದ್ದ ಗಾಳೆಪ್ಪ ಅದನ್ನು ಕಂಡಿದ್ದ. ಗಾಳೆಪ್ಪನಿಗೆ ಗಾಳ ಹಾಕಲು ಬರುತ್ತಿರಲಿಲ್ಲ, ಗಾಳಿ ಹಾಕಲು ಬರುತ್ತಿತ್ತು. ಅದಕ್ಕಿಂತ ಚೆನ್ನಾಗಿ ಮಂದಿಯ ದನಿ ತೆಗೆಯಲು ಬರುತ್ತಿತ್ತು. ಅಂದೇ ಸಂಜೆ ಕಳಕೇಶನ ಅಳುವನ್ನು ಅಣಕಿಸಿ, ಫೋನಿನಲ್ಲಿ ದನಿ ತುಂಬಿ ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದ:

"ಯವ್ವಾ, ಮರಿಯವ್ವಾ, ನನ್ನ ಮನಿಗೆ ಕರಕೊಂಡ ಹೋಗಬೇ..."

ಹಮ್ಮಿಗಿಯ ಚಹಾದಂಗಡಿಯಲ್ಲಿ ಅದು ವರ್ಷವಿಡೀ ಮೊಳಗಿತು. ಮುಂಡರಗಿಯಿಂದ ವರ ನೋಡಲು ಬಂದವರು ಉಪ್ಪಿಟ್ಟು ತಿಂದು ಮುಗಿಸಿ, "ಸಮುದ್ರದಾಗ ಅತ್ತಾಂವ ನೀನ ಏನಪಾ?" ಎಂದು ಕೇಳಿ ಎದ್ದುಹೋದರು. ಕಳಕೇಶ ತಟ್ಟೆಗಳನ್ನು ಎತ್ತಿಟ್ಟ. ಗಾಳೆಪ್ಪನನ್ನು ಕೊಲ್ಲಬೇಕೆಂದು ಆಗಲೇ ನಿಶ್ಚಯಿಸಿದ್ದ; ಹೇಗೆಂಬುದಷ್ಟೇ ಬಾಕಿ.

ಅದನ್ನು ಚಂಡಮಾರುತ ತಿಳಿಸಿಕೊಟ್ಟಿತು. ಮೇ ತಿಂಗಳಲ್ಲಿ ಎಚ್ಚರಿಕೆ ಬಂದಾಗ ಬಂದರಿನ ಜನ ಹಂಚಿಗೆ ಹಗ್ಗ ಕಟ್ಟಿದರು, ಮಕ್ಕಳನ್ನು ಶಾಲೆಗೆ ಸಾಗಿಸಿದರು. ಕಳಕೇಶ ಐಸಿನ ಶೆಡ್ಡಿನಲ್ಲಿ ಒಂದು ಕಬ್ಬಿಣದ ಹಾರೆ ಅಡಗಿಸಿದ. ಹತ್ತು ಜನ ಕಾಣೆಯಾಗುವ ಕಡೆ ಹನ್ನೊಂದನೆಯವನನ್ನು ಯಾರು ಕೇಳುತ್ತಾರೆ? ಬಂದರಿನ ದಕ್ಕೆಯ ಕಟ್ಟೆಗೆ ಕಟ್ಟಿದ ದೋಣಿಗಳು ಗಾಳಿಗೆ ಒಂದನ್ನೊಂದು ಗುದ್ದುತ್ತವೆ. ನಡುವೆ ಬಿದ್ದ ತಲೆಯ ಮೇಲೆ ಹಾರೆಯ ಗುರುತು ಹುಡುಕಲಾಗದು.

ಮಧ್ಯಾಹ್ನ ಮೂರಕ್ಕೆ ಫೋನಿನ ಟವರ್ ಉರುಳಿತು. ಶೆಡ್ಡಿನ ಬಾಗಿಲಲ್ಲಿ ಗಾಳೆಪ್ಪ ಬೆನ್ನು ತಿರುಗಿಸಿ, ಫೋನನ್ನು ಬಾಯಿಗೆ ಹಿಡಿದು ಅದೇ ಅಳುವನ್ನು ಅಳುತ್ತಿದ್ದ. ಟವರೇ ಮಲಗಿದ ಮೇಲೆ ಯಾರಿಗೆ ಕೇಳೀತು ಎಂದು ಕಳಕೇಶನಿಗೆ ನಗು ಬಂತು. ಸುಮ್ಮನೆ ಹೊಡೆಯಬಹುದಿತ್ತು. ಆದರೆ ಸಾಯುವವನಿಗೆ ಕೊಲ್ಲುವವನ ಹೆಸರು ಗೊತ್ತಿರಬೇಕು.

"ಈಗ ಖರೇ ಅಳಲೇ, ಗಾಳ್ಯಾ. ಈ ಕಳಕೇಶನ ಕೈಯಾಗ ಸಾಯಾಕತ್ತಿ."

"ಬ್ಯಾಡೋ ದೋಸ್ತ, ಚ್ಯಾಷ್ಟಿಗೆ ಮಾಡಿದ್ದೋ..."

ಮೊದಲ ಏಟಿಗೆ ಮೊಣಕಾಲೂರಿದ. ಎರಡನೆಯದಕ್ಕೆ ತಲೆಬುರುಡೆ ಒಳಸರಿಯಿತು. ಮೂರನೆಯದು ಮುಂಡರಗಿಯ ಉಪ್ಪಿಟ್ಟಿನದು. ಹೆಣವನ್ನು ದಕ್ಕೆಗೆ ಎಳೆದು ಎರಡು ದೋಣಿಗಳ ನಡುವೆ ತಳ್ಳಿದ. ಮರ ಮರಕ್ಕೆ ಗುದ್ದಿತು, ನಡುವೆ ಏನೋ ಪಟಪಟನೆ ಮುರಿಯಿತು. ಶೆಡ್ಡಿಗೆ ನುಗ್ಗಿದ ಸಮುದ್ರ ನೆಲದ ರಕ್ತ ತೊಳೆಯಿತು. ಬಿದ್ದಿದ್ದ ಗಾಳೆಪ್ಪನ ಒದ್ದೆ ಫೋನನ್ನು ಅವನು ಎತ್ತಿಕೊಂಡ: ಹೆಣ ಸಿಗದಿದ್ದರೆ ಹಿಟ್ಟಿನ ಬೊಂಬೆ ಮಾಡಿ, ಸತ್ತವನ ಸಾಮಾನು ಪಕ್ಕಕ್ಕಿಟ್ಟು ಮಣ್ಣು ಮಾಡುವುದು ಗಾಳೆಪ್ಪನ ಮನೆತನದ ಪದ್ಧತಿ. ಮಣ್ಣು ಮಾಡಿದ ಮೇಲೆ ಯಾರೂ ಹುಡುಕುವುದಿಲ್ಲ.

ಮರುದಿನ ದೋಣಿಗಳು ರಸ್ತೆಯ ಮೇಲಿದ್ದವು, ಮನೆಗಳು ನೀರಿನೊಳಗೆ. ದಡಕ್ಕೆ ಬಂದ ಒಂದೊಂದು ಬಟ್ಟೆಯನ್ನೂ ಹೆಂಗಸರು ತಿರುವಿ ನೋಡುತ್ತಿದ್ದರು. ಮಗ ನವಾಜನಿಗಾಗಿ ಕಾಯುತ್ತಿದ್ದ ಮುದುಕಿ ನಿಶಾತ ತನ್ನ ಪಾಲಿನ ಗಂಜಿಯನ್ನು ಕಳಕೇಶನ ಮುಂದಿಟ್ಟಳು. "ನಿನ್ನವನೂ ಬರ್ಲಿಲ್ವಾ? ಕುಡಿ ಮಗ." ಅವನು ಪೂರ್ತಿ ಕುಡಿದ. ಕಾಣೆಯಾದವರ ಪಟ್ಟಿಯಲ್ಲಿ ಗಾಳೆಪ್ಪನ ಹೆಸರು ಬರೆಸಿ, ಗದಗಿನ ಬಸ್ಸು ಹತ್ತಿದ.

ನಾಲ್ಕನೆಯ ದಿನ ಹಮ್ಮಿಗಿಯ ಗಾಳೆಪ್ಪನ ಮನೆಯಂಗಳದಲ್ಲಿ ಹಿಟ್ಟಿನ ಬೊಂಬೆ ಮಲಗಿತ್ತು. ಕಳಕೇಶ ಎಲ್ಲರಿಗಿಂತ ಚೆನ್ನಾಗಿ ಅತ್ತ. ಈ ಸಲ ಯಾರೂ ನಗಲಿಲ್ಲ. ಶ್ರದ್ಧಾಂಜಲಿಯ ಫ್ಲೆಕ್ಸಿಗೆ ಗಂಡನ ಫೋಟೊ ಬೇಕೆಂದು ಗಾಳೆಪ್ಪನ ಹೆಂಡತಿ ನೀಲಾ, ದಡದಲ್ಲಿ ಸಿಕ್ಕಿತೆಂದು ಕಳಕೇಶ ತಂದುಕೊಟ್ಟಿದ್ದ, ಈಗ ಒಣಗಿದ ಫೋನನ್ನು ಚಾರ್ಜಿಗೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಅಂಗಳದ ಜೇಬುಗಳೆಲ್ಲ ಒಮ್ಮೆಗೇ ಟಣ್ ಎಂದವು. ಗಾಳೆಪ್ಪನ ಅಪ್ಪ ಮೈಲಾರಪ್ಪ ತನ್ನ ಫೋನು ಒತ್ತಿದ. ಮಗನ ಹಳೆಯ ಅಣಕದ ಅಳು. ಎರಡು ಹೆಂಗಸರು ಕಣ್ಣೊರೆಸಿಕೊಂಡೇ ನಕ್ಕರು. ಆಮೇಲೆ ಹಿಂದಿನಿಂದ ಕಳಕೇಶನ ದನಿ, ತನ್ನದೇ ಹೆಸರು ಹೇಳುತ್ತ. ಆಮೇಲೆ ಮಗನ ದನಿ. ಒಂದು ಏಟು. ಮೈಲಾರಪ್ಪ ಕೊಡಲಿಯತ್ತ ನೋಡಿದ, ಅಂಗಳದ ಗಂಡಸರು ಬಾಗಿಲಿಗೆ ಅಡ್ಡ ನಿಂತರು. ಬಟನ್ ಫೋನಿನ ಕಳಕೇಶನಿಗೆ ಒಂದು ಸಂಗತಿ ಗೊತ್ತಿರಲಿಲ್ಲ: ದನಿ ತುಂಬುವಾಗ ಒತ್ತಿ ಹಿಡಿದ ಹೆಬ್ಬೆರಳು ಸಡಿಲಾದರೆ ಸಾಕು, ಆ ದನಿ ತಾನೇ ಹೊರಟುಬಿಡುತ್ತದೆ; ಟವರ್ ಇಲ್ಲದಿದ್ದರೆ, ಸಿಗುವವರೆಗೆ ಫೋನಿನೊಳಗೇ ಕಾಯುತ್ತದೆ.